ಲಕ್ಷ ಪದ ಕೂಡಿದರೂ ಪೈ ಏಕೆ ಸರಿಯಾಗಿ ಬರುವುದಿಲ್ಲ?

ಪ್ರಶ್ನೆ: 4 × (1 − 1/3 + 1/5 − 1/7 + …) ಎಂಬ ಅನಂತ ಶ್ರೇಣಿಯಿಂದ ಪೈ ಬೆಲೆ ಪಡೆಯಲು ಪ್ರೋಗ್ರಾಂ ಬರೆದೆ. ಒಂದು ಲಕ್ಷ ಪದಗಳನ್ನು ಕೂಡಿದರೂ 3.14158 ಎಂದೇ ಬರುತ್ತದೆ. ಇದೇ ಶ್ರೇಣಿಯನ್ನು ಕೊಟ್ಟರೆ ಗಣಿತದ ತಂತ್ರಾಂಶಗಳು ಹದಿನೈದು ಅಂಕಿಗಳನ್ನು ಕ್ಷಣಮಾತ್ರದಲ್ಲಿ ಹೇಳುತ್ತವೆ. ಇದು ಹೇಗೆ?

ಉತ್ತರ: ನಿಮ್ಮ ಪ್ರೋಗ್ರಾಂನಲ್ಲಿ ತಪ್ಪಿಲ್ಲ, ಶ್ರೇಣಿಯೇ ನಿಧಾನದ್ದು. ಎಷ್ಟು ಪದಗಳನ್ನು ಕೂಡುತ್ತೀರೋ ಆ ಸಂಖ್ಯೆಯಿಂದ ಒಂದನ್ನು ಭಾಗಿಸಿದರೆ ಬರುವಷ್ಟು ದೋಷ ಇಲ್ಲಿ ಉಳಿಯುತ್ತದೆ. ಆದ್ದರಿಂದ ಹತ್ತು ದಶಮಾಂಶ ಸ್ಥಾನಗಳು ಬೇಕೆಂದರೆ ಸುಮಾರು ಸಾವಿರ ಕೋಟಿ ಪದಗಳನ್ನು ಕೂಡಬೇಕು. ತಂತ್ರಾಂಶಗಳು ಅಷ್ಟನ್ನು ಕೂಡುವುದೇ ಇಲ್ಲ. ಕೆಲವೇ ಪದಗಳನ್ನು ಕೂಡಿ, ಕೂಡದೆ ಬಿಟ್ಟ ಬಾಲದ ಬೆಲೆಯನ್ನು ಅಂದಾಜು ಮಾಡಿ ಸೇರಿಸುತ್ತವೆ.

ಈ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ಇದೇ ಶ್ರೇಣಿಯನ್ನು ಬಳಸುತ್ತಿದ್ದ ಕೇರಳದ ಸಂಗಮಗ್ರಾಮ ಮಾಧವನ ಪರಂಪರೆಯ ಗಣಿತಜ್ಞರು, ಕೊನೆಯಲ್ಲಿ ಸೇರಿಸಬೇಕಾದ ತಿದ್ದುಪಡಿಯನ್ನೂ ಕೊಟ್ಟಿದ್ದರು. ಹತ್ತು ಪದಗಳನ್ನು ಕೂಡಿದಾಗ ಮೊತ್ತ 3.04184, ಇದನ್ನು ಪೈ ಎನ್ನಲು ಯಾರಿಗೂ ಮನಸ್ಸು ಬಾರದು. ಅವರ ಸರಳ ತಿದ್ದುಪಡಿಯಾದ 1/10ನ್ನು ಸೇರಿಸಿದರೆ 3.14184 ಆಗುತ್ತದೆ. ಅದಕ್ಕಿಂತ ಸೂಕ್ಷ್ಮವಾದ 40/401ನ್ನು ಸೇರಿಸಿದರೆ 3.1415902, ಮೂರನೆಯದಾದ 404/4050ನ್ನು ಸೇರಿಸಿದರೆ 3.1415927. ನಿಮ್ಮ ಒಂದು ಲಕ್ಷ ಪದಗಳಿಗೆ ಆಗದ ಕೆಲಸ ಇಲ್ಲಿ ಹತ್ತೇ ಪದಗಳಿಗೆ ಆಯಿತು.

ಆದರೆ ಆ ತಿದ್ದುಪಡಿ ಈ ಒಂದು ಶ್ರೇಣಿಗೆಂದೇ ಹೊಲಿದ ಅಂಗಿ. ಯಾವ ಶ್ರೇಣಿ ಬರುತ್ತದೆಂದು ಮೊದಲೇ ತಿಳಿಯದ ತಂತ್ರಾಂಶಕ್ಕೆ, ಮೊತ್ತಗಳ ನಡೆಯನ್ನು ನೋಡಿಯೇ ಬಾಲವನ್ನು ಊಹಿಸುವ ವಿಧಾನ ಬೇಕು. 1926ರಲ್ಲಿ ಗಣಿತಜ್ಞ ಏಟ್ಕೆನ್ ಪ್ರಕಟಿಸಿದ ಸೂತ್ರ ಅಂಥದ್ದು. ಅದು ಅನುಕ್ರಮವಾದ ಮೂರು ಮೊತ್ತಗಳನ್ನು ತೆಗೆದುಕೊಂಡು, ದೋಷವು ಗುಣೋತ್ತರ ಶ್ರೇಢಿಯಂತೆ, ಅಂದರೆ ಪ್ರತಿ ಹೆಜ್ಜೆಗೂ ಒಂದೇ ಅನುಪಾತದಲ್ಲಿ, ಕುಗ್ಗುತ್ತಿದೆ ಎಂದು ಭಾವಿಸಿ, ಕೊನೆಗೆ ತಲುಪುವ ಬೆಲೆಯನ್ನು ಹೇಳುತ್ತದೆ. ನಮ್ಮ ಶ್ರೇಣಿಯ ಎಂಟು, ಒಂಬತ್ತು, ಹತ್ತು ಪದಗಳ ಮೊತ್ತಗಳು 3.01707, 3.25237 ಮತ್ತು 3.04184. ಒಂದಕ್ಕೊಂದು ಇಷ್ಟು ದೂರವಿರುವ ಈ ಮೂರರಿಂದ ಸೂತ್ರವು 3.14125ನ್ನು ತೆಗೆಯುತ್ತದೆ. ಬಂದ ಉತ್ತರಗಳ ಮೇಲೆ ಅದನ್ನೇ ಮತ್ತೆ ಪ್ರಯೋಗಿಸಬಹುದು. 1956ರ ವಿನ್ ಅವರ ಎಪ್ಸಿಲಾನ್ ವಿಧಾನ ಈ ದಾರಿಯಲ್ಲೇ ಇನ್ನೂ ಮುಂದೆ ಹೋಗುತ್ತದೆ. ಚಿಹ್ನೆ ಬದಲಾಗುತ್ತಾ ಹೋಗುವ ಶ್ರೇಣಿಗಳಿಗೆಂದೇ ಕೋಹೆನ್, ವಿಲ್ಯೇಗಾಸ್, ಜಾಗಿಯರ್ 2000ದಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರತಿ ಹೊಸ ಪದಕ್ಕೂ ದೋಷ ಸುಮಾರು 5.8 ಪಟ್ಟು ಕುಗ್ಗುತ್ತದೆ. ಪಾರಿ ಎಂಬ ಗಣಿತ ತಂತ್ರಾಂಶದಲ್ಲಿ ಇಂಥ ಶ್ರೇಣಿಗಳನ್ನು ಕೂಡುವ ಸಮ್‌ಆಲ್ಟ್ ಆಜ್ಞೆ ಬಳಸುವುದು ಇದನ್ನೇ. ಹದಿನಾರು ಅಂಕಿಗಳಿಗೆ ಇಪ್ಪತ್ತೊಂದು ಪದಗಳ ಆಸುಪಾಸು ಸಾಕಾಗುವುದು ಹೀಗೆ.

ಹಾಗೆಂದು ಏಟ್ಕೆನ್ ಸೂತ್ರವನ್ನು ಎಲ್ಲ ಕಡೆ ಹಚ್ಚಬಾರದು. 1 + 1/4 + 1/9 + 1/16 + … ಶ್ರೇಣಿಯ ಮೇಲೆ ಅದು ದೋಷವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿ ಸುಮ್ಮನಾಗುತ್ತದೆ, ಏಕೆಂದರೆ ಅಲ್ಲಿ ಬಾಲ ಗುಣೋತ್ತರವಾಗಿ ಕುಗ್ಗುವುದಿಲ್ಲ. ಅಲ್ಲಿ ರಿಚರ್ಡ್‌ಸನ್ ವಿಧಾನ ಸೂಕ್ತ: ಇಪ್ಪತ್ತು ಪದಗಳ ಮೊತ್ತದ ಎರಡರಷ್ಟರಿಂದ ಹತ್ತು ಪದಗಳ ಮೊತ್ತವನ್ನು ಕಳೆದರೆ 1.64256 ಸಿಗುತ್ತದೆ. ನಿಜವಾದ ಬೆಲೆ 1.64493, ಬರಿಯ ಇಪ್ಪತ್ತು ಪದಗಳ ಮೊತ್ತ 1.59616. ಪೈಥಾನ್ ಭಾಷೆಯ ಎಂಪಿಮ್ಯಾಥ್ ಎಂಬ ಗಣಿತ ಲೈಬ್ರರಿಯಲ್ಲಿ ಶ್ರೇಣಿಗಳನ್ನು ಕೂಡುವ ಎನ್‌ಸಮ್ ಆಜ್ಞೆ, ಬಳಕೆದಾರರು ಬೇರೆ ಹೇಳದಿದ್ದರೆ, ರಿಚರ್ಡ್‌ಸನ್ ವಿಧಾನವನ್ನೂ ಏಟ್ಕೆನ್ ಸೂತ್ರದ ವಿಸ್ತರಣೆಯಾದ ಶ್ಯಾಂಕ್ಸ್ ವಿಧಾನವನ್ನೂ ಪ್ರಯತ್ನಿಸುವುದು ಇದೇ ಕಾರಣಕ್ಕೆ.

ನೀವೇ ಬರೆಯುವುದಾದರೆ ಎರಡು ಕಡೆ ಎಚ್ಚರವಿರಲಿ. ಈ ಸೂತ್ರಗಳು ಬಹುತೇಕ ಸಮವಾದ ಸಂಖ್ಯೆಗಳನ್ನು ಒಂದರಿಂದೊಂದು ಕಳೆಯುವುದರಿಂದ ಕೊನೆಯ ಅಂಕಿಗಳು ನಷ್ಟವಾಗುತ್ತವೆ. ಬೇಕಾದುದಕ್ಕಿಂತ ಹೆಚ್ಚು ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಮಾಡಬೇಕು. ಎರಡನೆಯದು ಇನ್ನೂ ಮೋಸದ್ದು. 1 − 1 + 1 − 1 + … ಎಂಬ, ಸಾಮಾನ್ಯ ಅರ್ಥದಲ್ಲಿ ಮೊತ್ತವೇ ಇಲ್ಲದ ಶ್ರೇಣಿಯನ್ನು ಕೊಟ್ಟು ನೋಡಿ: ಏಟ್ಕೆನ್ ಸೂತ್ರ ಮೊದಲ ಮೂರು ಮೊತ್ತಗಳಿಂದಲೇ, ಯಾವ ಎಚ್ಚರಿಕೆಯನ್ನೂ ಕೊಡದೆ, 1/2 ಎಂದು ಹೇಳಿಬಿಡುತ್ತದೆ.