ಉಗುರುಬೆಚ್ಚಗೆ ಅಂದರೆ ಎಷ್ಟು ಡಿಗ್ರಿ?

ಮಗುವಿಗೆ ನೀರು ಹಾಕುವ ಮುಂಚೆ ಅಜ್ಜಿ ಬಕೆಟ್ಟಿಗೆ ಮೊಣಕೈ ಅದ್ದಿ ನೋಡುತ್ತಾಳೆ. 'ಉಗುರುಬೆಚ್ಚಗಿದೆ, ಹಾಕು' ಅನ್ನುತ್ತಾಳೆ. ಎಷ್ಟು ಡಿಗ್ರಿ ಅಂತ ಯಾರೂ ಕೇಳುವುದಿಲ್ಲ. ಆದರೆ ನರರೋಗ ತಜ್ಞರಿಗೆ ಈ ಪ್ರಶ್ನೆ ಬಿಡಿಸಲಾಗದ ಗಂಟಾಗಿತ್ತು. ಚರ್ಮಕ್ಕೆ ಎಷ್ಟು ಬಿಸಿ ಗೊತ್ತಾದರೆ ಸರಿ, ಎಷ್ಟು ಗೊತ್ತಾಗದಿದ್ದರೆ ಕಾಯಿಲೆ?

ಮೊದಲ ತೊಡಕು ಚರ್ಮದ್ದೇ. ಒಂದು ಕೈಯನ್ನು ತಣ್ಣೀರಲ್ಲಿ, ಇನ್ನೊಂದನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿರುವ ಒಂದೇ ಪಾತ್ರೆಗೆ ಹಾಕಿ. ಅದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದಲ್ಲೇ ಇದನ್ನು ಬರೆದಿದ್ದರು. ಚರ್ಮ ಥರ್ಮಾಮೀಟರ್ ಅಲ್ಲ. ಇದ್ದದ್ದು ಎಷ್ಟು ಬದಲಾಯಿತು ಅನ್ನುವುದೇ ಅದಕ್ಕೆ ಮುಖ್ಯ.

1880ರ ದಶಕದಲ್ಲಿ ಸ್ವೀಡನ್ನಿನ ಮಾಗ್ನುಸ್ ಬ್ಲಿಕ್ಸ್ ಚರ್ಮದ ಮೇಲೆ ಚೂಪಾದ ತುದಿಯಿಂದ ಅಂಗುಲ ಅಂಗುಲ ಹುಡುಕಿದರು. ತಂಪು ಗೊತ್ತಾಗುವ ಚುಕ್ಕೆಗಳೇ ಬೇರೆ, ಬಿಸಿಯವೇ ಬೇರೆ ಎಂದು ಕಂಡಿತು. ತಂಪಿನ ಚುಕ್ಕೆಗಳು ಜಾಸ್ತಿ. ಸುಮಾರು ಅದೇ ಹೊತ್ತಿಗೆ ಜರ್ಮನಿಯ ಗೋಲ್ಡ್‌ಶೈಡರ್, ಅಮೆರಿಕದ ಡೊನಾಲ್ಡ್‌ಸನ್ ಕೂಡ ತಮ್ಮಷ್ಟಕ್ಕೆ ಇದನ್ನೇ ಕಂಡುಕೊಂಡರು.

ಆಸ್ಪತ್ರೆಯಲ್ಲಿ ಮಾತ್ರ ಬಹಳ ಕಾಲ ಎರಡು ಗಾಜಿನ ಕೊಳವೆಗಳೇ ಗತಿ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ಕುಷ್ಠದ ಮಚ್ಚೆ ಅನ್ನಿಸಿದಲ್ಲಿ ಮುಟ್ಟಿಸಿ ಕೇಳುವುದು. ಸುಲಭ, ಖರ್ಚಿಲ್ಲ. ಆದರೆ ಉತ್ತರ 'ಗೊತ್ತಾಯ್ತು', 'ಗೊತ್ತಾಗಲಿಲ್ಲ' ಅಷ್ಟೇ. ಅರ್ಧಂಬರ್ಧ ಸೋತ ನರ ಇದರಲ್ಲಿ ಸಿಗುವುದಿಲ್ಲ.

ಕರೆಂಟ್ ಕೊಟ್ಟು ಮಾಡುವ ನರಪರೀಕ್ಷೆ ಬಂದಿತ್ತಲ್ವಾ? ಬಂದಿತ್ತು. ಆದರೆ ಅದು ಹಿಡಿಯುವುದು ದಪ್ಪ ನರತಂತುಗಳ ಸದ್ದನ್ನು ಮಾತ್ರ. ಬಿಸಿ, ತಂಪಿನ ಸುದ್ದಿ ಒಯ್ಯುವವು ಸಪೂರ ತಂತುಗಳು. ಹಾಗಾಗಿ ಸಕ್ಕರೆ ಕಾಯಿಲೆಯವರು 'ಪಾದ ಉರಿಯುತ್ತೆ' ಅನ್ನುವಾಗಲೂ ರಿಪೋರ್ಟು ನಾರ್ಮಲ್ ಅಂತ ಬರಬಹುದು. ರೋಗಿ ಸುಮ್ನೆ ಹೇಳುತ್ತಿದ್ದಾರೆ ಅಂದುಕೊಳ್ಳಲು ಅಷ್ಟು ಸಾಕು.

1976ರಲ್ಲಿ ಫ್ರುಸ್ಟಾರ್ಫರ್, ಲಿಂಡ್‌ಬ್ಲೋಮ್, ಷ್ಮಿಟ್ ಎಂಬ ಮೂವರು ಒಂದು ವಿಧಾನ ಪ್ರಕಟಿಸಿದರು. ಜರ್ಮನಿಯ ಮಾರ್ಬುರ್ಗ್, ಸ್ವೀಡನ್ನಿನ ಸ್ಟಾಕ್‌ಹೋಮ್ ಸೇರಿಸಿ ಅದಕ್ಕೆ 'ಮಾರ್‌ಸ್ಟಾಕ್' ಎಂಬ ಹೆಸರು ಬಂತು. ಕರೆಂಟ್ ಹರಿಯುವ ದಿಕ್ಕು ಬದಲಿಸಿದರೆ ಬಿಸಿಯೂ ಆಗುವ, ತಣ್ಣಗೂ ಆಗುವ ಚಿಕ್ಕ ಬಿಲ್ಲೆಯನ್ನು ಚರ್ಮಕ್ಕೆ ಕಟ್ಟುತ್ತಾರೆ. ಇದರ ಹಿಂದಿನ ತತ್ವವನ್ನು ಫ್ರಾನ್ಸಿನ ಪೆಲ್ಟಿಯೇ 1834ರಲ್ಲೇ ಕಂಡಿದ್ದರು. ಈಗಿನ ರೂಢಿಯಲ್ಲಿ ಶುರು 32 ಡಿಗ್ರಿಯಿಂದ. ಅಲ್ಲಿ ಬಿಸಿಯೂ ಅನ್ನಿಸುವುದಿಲ್ಲ, ತಂಪೂ ಅನ್ನಿಸುವುದಿಲ್ಲ. ಸೆಕೆಂಡಿಗೆ ಒಂದು ಡಿಗ್ರಿಯಂತೆ ಏರುತ್ತದೆ ಅಥವಾ ಇಳಿಯುತ್ತದೆ. ಬದಲಾವಣೆ ಗೊತ್ತಾದ ಕೂಡಲೇ ರೋಗಿ ಗುಂಡಿ ಒತ್ತಬೇಕು. ಅಷ್ಟರಲ್ಲಿ ಎಷ್ಟು ಡಿಗ್ರಿ ಬದಲಾಗಿತ್ತೋ ಅದೇ ಆ ಜಾಗದ ಅಂಕಿ. ಸುಡದಂತೆ 50 ಡಿಗ್ರಿಗೆ, ಕೆಳಗೆ 0ಗೆ ಯಂತ್ರ ತಾನೇ ನಿಲ್ಲುತ್ತದೆ.

ಇದರಲ್ಲೂ ಒಂದು ತಮಾಷೆಯ ಲೋಪವಿದೆ. ಬಿಸಿಯ ತಂತುಗಳಲ್ಲಿ ಸುದ್ದಿ ಸಾಗುವ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ನಾವು ನಡೆಯುವುದಕ್ಕಿಂತ ನಿಧಾನ! ಪಾದದಿಂದ ಮಿದುಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಬಿಲ್ಲೆ ಇನ್ನೊಂದು ಡಿಗ್ರಿ ಮೇಲೇರಿರುತ್ತದೆ. ಎತ್ತರದವರಿಗೆ ಇನ್ನೂ ತಡ. ನರದ ತಪ್ಪಿಲ್ಲದೆಯೂ ಅಂಕಿ ಜಾಸ್ತಿ ಬರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಪೀಟರ್ ಡಿಕ್ ಇದಕ್ಕೆ ಬೇರೆ ದಾರಿ ಹಿಡಿದರು. ನಿಗದಿಯಾದ ಬಿಸಿ ಕೊಟ್ಟು, ಮುಗಿದ ಮೇಲೆ 'ಗೊತ್ತಾಯ್ತಾ' ಎಂದು ಕೇಳುವುದು. ನಡುನಡುವೆ ಏನೂ ಕೊಡದೆಯೂ ಕೇಳುವುದು. ಸುಮ್ನೆ ಹೂಂ ಅನ್ನುವವರು ಅಲ್ಲಿ ಸಿಕ್ಕಿಬೀಳುತ್ತಾರೆ. ಹೊತ್ತು ಹಿಡಿಯುತ್ತದೆ, ಆದರೆ ನನಗೆ ಇದೇ ಹೆಚ್ಚು ನ್ಯಾಯದ್ದು ಅನ್ನಿಸುತ್ತದೆ.

ಯಂತ್ರ ಸಿಕ್ಕರೂ 'ನಾರ್ಮಲ್' ಸಿಗಬೇಕಾದರೆ ಆರೋಗ್ಯವಂತರನ್ನು ಸಾಲಾಗಿ ಕೂರಿಸಿ ಅಳೆಯಬೇಕು. 1998ರಲ್ಲಿ ಸ್ಟೀವನ್ಸ್ ಮತ್ತು ಚೂ ಮೈಯ 13 ಜಾಗಗಳನ್ನು ಅಳೆದರು. ತುಟಿ ಮತ್ತು ಅದರ ಸುತ್ತ ಅತಿ ಸೂಕ್ಷ್ಮ, ಪಾದ ಅತಿ ಮೊಂಡು. ಎಲ್ಲ ಕಡೆ ಬಿಸಿಗಿಂತ ತಂಪೇ ಬೇಗ ಗೊತ್ತಾಗುತ್ತದೆ. ವಯಸ್ಸಾದಂತೆ ಮೊದಲು ಮಂದವಾಗುವುದು ಪಾದ, ಕೊನೆಗೆ ಮುಖ. 2006ರಲ್ಲಿ ಜರ್ಮನಿಯ ನರನೋವು ಸಂಶೋಧನಾ ಜಾಲ 180 ಆರೋಗ್ಯವಂತರ ಮುಖ, ಕೈ, ಪಾದಗಳನ್ನು ಅಳೆದು ಪಟ್ಟಿ ಕೊಟ್ಟಿತು. ಕೈಗೆ ಒಂದೆರಡು ಡಿಗ್ರಿ ಬದಲಾದರೆ ಸಾಕು. ಪಾದಕ್ಕೆ ಅದಕ್ಕಿಂತ ಜಾಸ್ತಿ ಬೇಕು. ಹಾಗಾಗಿ 70ರ ಅಜ್ಜನ ಪಾದವನ್ನು 25ರ ಹುಡುಗನ ಅಂಕಿಯ ಜೊತೆ ಹೋಲಿಸಿದರೆ ಅಜ್ಜನಿಗೆ ಇಲ್ಲದ ರೋಗ ಅಂಟುತ್ತದೆ. ಬಿಲ್ಲೆಯ ಅಗಲ ಬದಲಾದರೂ ಅಂಕಿ ಬದಲಾಗುತ್ತದೆ, ಅಗಲವಾದಷ್ಟೂ ಬೇಗ ಗೊತ್ತಾಗುತ್ತದೆ.

ನಮ್ಮ ದೇಶದಲ್ಲಿ ಇದರ ಉಪಯೋಗ ಕುಷ್ಠದಲ್ಲಿ ಕಂಡಿತು. ಉತ್ತರ ಭಾರತದಲ್ಲಿ ಹೊಸ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ 'ಇನ್ಫಿರ್' ಅಧ್ಯಯನದ ಫಲಿತಾಂಶ 2008ರಲ್ಲಿ ಬಂತು. ನೈಲಾನ್ ಎಳೆಯನ್ನು ಚರ್ಮಕ್ಕೆ ಒತ್ತಿ ನೋಡುವ ಪರೀಕ್ಷೆಯಲ್ಲಿ ಸ್ಪರ್ಶ ಹೋದದ್ದು ಕಾಣುವ 12 ವಾರ ಮುಂಚೆಯೇ ಎಷ್ಟೋ ಜನರಲ್ಲಿ ಬಿಸಿಯ ಅರಿವು ಕುಗ್ಗಿತ್ತು. ಔಷಧಿ ಶುರು ಮಾಡಲು ಆ ಮೂರು ತಿಂಗಳು ಸಣ್ಣದಲ್ಲ.

ಆದರೂ ಗುಂಡಿ ಒತ್ತುವುದು ರೋಗಿಯೇ. ನಿದ್ದೆಗಣ್ಣಲ್ಲಿದ್ದರೆ ತಡವಾಗಿ ಒತ್ತುತ್ತಾರೆ. ಪರಿಹಾರದ ಹಣದ ಆಸೆ ಇದ್ದರೆ ಬೇಕೆಂದೇ ತಡ ಮಾಡಬಹುದು. ತೊಂದರೆ ಮಿದುಳಿನಲ್ಲೋ ಬೆನ್ನುಹುರಿಯಲ್ಲೋ ಇದ್ದರೂ ಅಂಕಿ ಒಂದೇ ಥರ ಬರುತ್ತದೆ. 2003ರಲ್ಲಿ ಅಮೆರಿಕದ ನರರೋಗ ತಜ್ಞರ ಅಕಾಡೆಮಿ ಈ ಪರೀಕ್ಷೆಯೊಂದನ್ನೇ ನಂಬಿ ರೋಗ ತೀರ್ಮಾನಿಸಬೇಡಿ ಎಂದಿತು. ಸಪೂರ ತಂತುಗಳ ಅನುಮಾನ ಉಳಿದರೆ ಈಗ ಕಾಲಿನಿಂದ ಮೂರು ಮಿಲಿಮೀಟರ್ ಅಗಲದ ಚರ್ಮ ತೆಗೆದು, ಅದರಲ್ಲಿರುವ ತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಆ ಎಣಿಕೆಗೂ ವಯಸ್ಸಿಗೆ ತಕ್ಕ ನಾರ್ಮಲ್ ಪಟ್ಟಿ ಬೇಕೇ ಬೇಕು.