ಜಾತ್ರೆ ಪಿಸ್ತೂಲಿಗೊಂದು ವಾಲ್‌ಟ್ಯೂಬಿನ ತುಂಡು

ಕುಂಬಳೆ ಆಯನದ, ಅಂದರೆ ನಮ್ಮೂರ ದೇವಸ್ಥಾನದ ಜಾತ್ರೆಯ, ಬೆಡಿ (ಸಿಡಿಮದ್ದು) ಮುಗಿದು ಎರಡು ದಿನವಾಗಿತ್ತು. ಅಂಗಳದಲ್ಲಿ ಒಣಗಲು ಹರಡಿದ್ದ ಅಡಿಕೆಯ ನಡುವೆ ಹಳದಿ ಪ್ಲಾಸ್ಟಿಕ್ ಗುಂಡುಗಳು ಸಿಗತೊಡಗಿದವು. ಮನೆಯಾಕೆ ಒಂದು ಹಿಡಿ ಹೆಕ್ಕಿ ತಂದು ನನ್ನ ಮುಂದೆ ಸುರಿದಳು. "ಇದನ್ನೂ ಸುಲಿಯಲಿಕ್ಕೆ ಉಂಟಾ?" ಎಂದು ಕೇಳಿದಳು.

ತಪ್ಪು ನನ್ನದೇ. ಜಾತ್ರೆ ಸಂತೆಯಲ್ಲಿ ಆ ಸ್ಪ್ರಿಂಗ್ ಪಿಸ್ತೂಲು ಕೊಂಡದ್ದು ನಾನು, ಮಕ್ಕಳ ನೆಪದಲ್ಲಿ. ದುಬೈಯಲ್ಲಿ ಕೆಲಸ ಮಾಡುವ ಸೋದರಳಿಯ ರಜೆಗೆ ಬಂದಿದ್ದ. ಅವನಿಗೆ ಅಲ್ಲಿ ಏರ್‌ಸಾಫ್ಟ್ ಹುಚ್ಚು. ಆಟದ ಬಂದೂಕು ಹಿಡಿದ ಎರಡು ತಂಡಗಳು 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡುಗಳಿಂದ ಕಾದಾಡುವ ಆಟ ಅದು. ಹುಟ್ಟಿದ್ದು ಜಪಾನಿನಲ್ಲಿ. 1991ರಲ್ಲಿ ಟೋಕಿಯೊ ಮಾರುಯಿ ಕಂಪನಿ ಬ್ಯಾಟರಿಯಿಂದ ನಡೆಯುವ ಬಂದೂಕು ತಂದ ಮೇಲೆ ಊರೂರಿಗೆ ಹರಡಿತು. ಅಳಿಯ ಊರಿಗೆ ಬಂದೂಕು ತಂದಿರಲಿಲ್ಲ. ತಂದದ್ದು ಆಟದ ಕನ್ನಡಕ ಮಾತ್ರ, ಜೊತೆಗೆ ಕೈ ತುರಿಕೆ. ಜಾತ್ರೆ ಪಿಸ್ತೂಲು ನೋಡಿದವನೇ ಸ್ಕ್ರೂಡ್ರೈವರ್ ಕೇಳಿದ.

ಬಿಚ್ಚಿದರೆ ಒಳಗೆ ಏನಿದೆ? ನಾವು ಚಿಕ್ಕವರಿದ್ದಾಗ ಬಿದಿರಿನ ಓಟೆಯಲ್ಲಿ ಕಾಯಿ ತುರುಕಿ, ಕೋಲಿನಿಂದ ದೂಡಿ ಟಪ್ ಅನ್ನಿಸುತ್ತಿದ್ದ ಪೇಟ್ಲ ಇತ್ತಲ್ಲ, ಅದೇ. ಕೈಯ ಜಾಗದಲ್ಲಿ ಸ್ಪ್ರಿಂಗು ಬಂದಿದೆ, ಅಷ್ಟೇ. ಸ್ಪ್ರಿಂಗು ಪಿಸ್ಟನ್ನನ್ನು ದೂಡುತ್ತದೆ, ಪಿಸ್ಟನ್ನು ಗಾಳಿಯನ್ನು ಒತ್ತುತ್ತದೆ, ಗಾಳಿ ಗುಂಡನ್ನು ದೂಡುತ್ತದೆ.

ಪಕ್ಕದ ತೋಟದ ಅಜ್ಜ ಬೇಲಿಯಾಚೆಯಿಂದ ಎಲ್ಲ ನೋಡುತ್ತಿದ್ದರು. ಒಂದು ಕಾಲದಲ್ಲಿ ಹಂದಿ ಓಡಿಸಲು ಲೈಸನ್ಸಿನ ಕೋವಿ ಇಟ್ಟುಕೊಂಡವರು. "ಗಟ್ಟಿ ಸ್ಪ್ರಿಂಗು ಹಾಕಿ ಮಾರಾಯ, ದನದ ಹಟ್ಟಿಯವರೆಗೆ ಹೋಗ್ತದೆ" ಎಂದರು. ನನಗೆ ಸಿಟ್ಟು ಬರುವುದು ಇಲ್ಲೇ. ಎಲ್ಲರೂ ಹೇಳುವುದು ಇದನ್ನೇ. ದೂರ ಹೋಗಬೇಕಾ, ಜೋರು ಜಾಸ್ತಿ ಮಾಡು. ಇಲ್ಲಾಂದ್ರೆ ನಳಿಗೆ ಉದ್ದ ಮಾಡು. ಎರಡೂ ಹಣ ಕಳೆಯುವ ದಾರಿ. ಮೊದಲನೆಯದು ಕಣ್ಣು ಕಳೆಯುವ ದಾರಿಯೂ ಹೌದು.

ಮೊದಲು ಅಳೆಯೋಣ ಎಂದೆ. ಗುಂಡಿನ ವೇಗ ಅಳೆಯುವ ಯಂತ್ರ ಅಳಿಯನ ಆಟದ ಮೈದಾನದಲ್ಲಿದೆಯಂತೆ, ನಮ್ಮಲ್ಲಿಲ್ಲ. ಆದರೆ ಬೆಂಕಿಪೊಟ್ಟಣ ಉಂಟು, ಚಪಾತಿ ಹಿಟ್ಟು ಉಂಟು. ದೊಡ್ಡ ಪೊಟ್ಟಣವೊಂದಕ್ಕೆ ಹಿಟ್ಟು ತುಂಬಿ, ಒಟ್ಟು 20 ಗ್ರಾಂ ಆಗುವಂತೆ ಮಾಡಿ, ಜಂತಿಯಿಂದ ಒಂದು ಮೀಟರ್ ಉದ್ದದ ನಾಲ್ಕು ದಾರಗಳಲ್ಲಿ ತೂಗಿಬಿಟ್ಟೆವು. ನಾಲ್ಕು ಯಾಕೆಂದರೆ ಒಂದೇ ದಾರವಾದರೆ ಪೊಟ್ಟಣ ಬುಗುರಿಯ ಹಾಗೆ ತಿರುಗುತ್ತದೆ. ಹಿಂದೆ ಒಂದು ಸ್ಕೇಲು ಅಂಟಿಸಿದೆವು. ಗುಂಡು ತೀರಾ ಹಗುರ, ಒಂದನ್ನೇ ಅಡುಗೆಮನೆ ತಕ್ಕಡಿಗೆ ಹಾಕಿದರೆ ಅದು ಸೊನ್ನೆ ತೋರಿಸುತ್ತದೆ. ನೂರು ಎಣಿಸಿ ಹಾಕಿದೆವು. 12 ಗ್ರಾಂ. ಅಂದರೆ ಒಂದಕ್ಕೆ 0.12 ಗ್ರಾಂ.

ಗುಂಡು ಹಿಟ್ಟಿನಲ್ಲಿ ಪಚಕ್ಕೆಂದು ಹೂತು ನಿಂತಿತು. ಪೊಟ್ಟಣ 8 ಸೆಂಟಿಮೀಟರ್ ಸರಿಯಿತು. ಒಂದು ಮೀಟರ್ ದಾರಕ್ಕೆ ಈ ಸರಿದ ದೂರವನ್ನು 3.13ರಿಂದ ಗುಣಿಸಿದರೆ ಪೊಟ್ಟಣ ಹೊರಟ ವೇಗ ಸಿಗುತ್ತದೆ. ಸೆಕೆಂಡಿಗೆ 25 ಸೆಂಟಿಮೀಟರ್. ಪೊಟ್ಟಣ ಗುಂಡಿಗಿಂತ ಸುಮಾರು 168 ಪಟ್ಟು ಭಾರ, ಹಾಗಾಗಿ ಗುಂಡು ಅದಕ್ಕಿಂತ 168 ಪಟ್ಟು ವೇಗದಲ್ಲಿ ಬಂದಿರಬೇಕು. ಸೆಕೆಂಡಿಗೆ 42 ಮೀಟರ್. ಗಂಟೆಗೆ 150 ಕಿಲೋಮೀಟರ್! ಅಳಿಯ ಬಾಯಿ ಬಿಟ್ಟ. ಆದರೆ ಗುಂಡು ಇಷ್ಟು ಹಗುರವಾದ್ದರಿಂದ ಅದರ ಶಕ್ತಿ 0.1 ಜೌಲ್ ಮಾತ್ರ. ಅವನ ಆಟದ ಬಂದೂಕುಗಳು 1 ಜೌಲ್ ಸುತ್ತಮುತ್ತ ಇರುತ್ತವೆ. 0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ಓಡಿದರೆ ಸರಿಯಾಗಿ 1 ಜೌಲ್.

ಇಷ್ಟು ವೇಗದ ಗುಂಡು ಜಗಲಿಯಿಂದ ಮಟ್ಟಸವಾಗಿ ಬಿಟ್ಟರೆ ಹದಿನೈದು ಮೀಟರಿಗೇ ಯಾಕೆ ನೆಲ ಕಚ್ಚುತ್ತದೆ? ಗಾಳಿ. ಹೊರಟ ಕ್ಷಣದಲ್ಲಿ ಗಾಳಿಯ ತಡೆ ಈ ಗುಂಡಿನ ತೂಕದ ಹನ್ನೊಂದು ಪಟ್ಟು ಇರುತ್ತದೆ. ನಿಮ್ಮ ತೂಕದ ಹನ್ನೊಂದು ಪಟ್ಟು ಭಾರ ಎದೆಗೆ ಒತ್ತುತ್ತಿರುವಾಗ ಓಡಿ ನೋಡಿ. ಲೆಕ್ಕ ಹಾಕಿದರೆ ಪ್ರತಿ 11 ಮೀಟರಿಗೊಮ್ಮೆ ವೇಗ ಅರ್ಧವಾಗುತ್ತಾ ಹೋಗುತ್ತದೆ. 42 ಇದ್ದದ್ದು 21, ಮತ್ತೆ 11 ಮೀಟರಿಗೆ ಹತ್ತೂವರೆ. ಮಜಾ ಏನೆಂದರೆ ಈ 11 ಮೀಟರ್ ಎಂಬುದು ಎಷ್ಟು ಜೋರಾಗಿ ಹೊಡೆದರೂ ಬದಲಾಗುವುದಿಲ್ಲ. ಜೋರು ಹೆಚ್ಚಿದಷ್ಟೂ ಗಾಳಿಯೂ ಹೆಚ್ಚು ಸುಂಕ ವಸೂಲು ಮಾಡುತ್ತದೆ. ಅಜ್ಜನ ಮಾತು ಕೇಳಿ ನಾಲ್ಕು ಪಟ್ಟು ಶಕ್ತಿಯ ಸ್ಪ್ರಿಂಗು ಹಾಕಿದೆವು ಎನ್ನಿ. ವೇಗ ಎರಡು ಪಟ್ಟು. ದೂರ? ಬರೀ ಒಂದೂವರೆ ಪಟ್ಟು. ಗುಂಡನ್ನೇ ಭಾರ ಮಾಡಿದರೆ ಪರವಾಗಿಲ್ಲ, 0.30 ಗ್ರಾಂ ಗುಂಡಿನ ವೇಗ ಅರ್ಧವಾಗಲು 27 ಮೀಟರ್ ಬೇಕು. ಆದರೆ ಅದಕ್ಕಿಂತ ಚಂದದ ಉಪಾಯ ಒಂದಿದೆ. ಅದಕ್ಕೆ ಹಾಪ್-ಅಪ್ ಎಂದು ಹೆಸರು.

ಅಳಿಯನ ಬಂದೂಕಿನಲ್ಲಿ ಅದು ಕಂಪನಿಯಿಂದಲೇ ಬಂದಿರುತ್ತದೆ. ನಮ್ಮ ಪಿಸ್ತೂಲಿಗೆ ನಾವೇ ಮಾಡಿಕೊಳ್ಳಬೇಕಾಯಿತು. ಗುಂಡು ಕೂರುವ ಜಾಗದಿಂದ ಸ್ವಲ್ಪ ಮುಂದೆ, ನಳಿಗೆಯ ಮೇಲ್ಬದಿಯಲ್ಲಿ ಹಾಕ್ಸಾ ಬ್ಲೇಡಿನಿಂದ ಅಡ್ಡಕ್ಕೆ ಒಂದು ಸೀಳು. ಆ ಸೀಳಿನಲ್ಲಿ ಹಳೇ ಸೈಕಲಿನ ವಾಲ್‌ಟ್ಯೂಬಿನ ಸಣ್ಣ ತುಂಡು. ಅದು ನಳಿಗೆಯೊಳಗೆ ಕೂದಲೆಳೆಯಷ್ಟು ಇಣುಕಬೇಕು. ಮೇಲಿಂದ ಇನ್ಸುಲೇಶನ್ ಟೇಪು. ಇಷ್ಟೇ ಕೆಲಸ, ಆದರೆ ಅರ್ಧ ದಿನ ಹಿಡಿಯಿತು. ಮೊದಲ ಸಲ ರಬ್ಬರು ಜಾಸ್ತಿ ಇಣುಕಿ ಗುಂಡು ಒಳಗೇ ಸಿಕ್ಕಿಕೊಂಡಿತು. ಎರಡನೇ ಸಲ ಗುಂಡು ಹೊರಬಂದು, ಸ್ವಲ್ಪ ದೂರ ನೇರ ಹೋಗಿ, ಏನೋ ನೆನಪಾದವರ ಹಾಗೆ ಮೇಲಕ್ಕೆ ಎದ್ದು ತೆಂಗಿನ ಸೋಗೆಯೊಳಗೆ ಮಾಯವಾಯಿತು. ಬ್ಲೇಡಿನಿಂದ ರಬ್ಬರನ್ನು ಚೂರು ಚೂರೇ ಕೆರೆದೆವು. ಮೂರು ಗಂಟೆ ಹೊತ್ತಿಗೆ ಗುಂಡು ಗೆರೆ ಎಳೆದ ಹಾಗೆ ಹೋಗಿ ಹಟ್ಟಿಯ ಗೋಡೆಗೆ ಟಕ್ ಎಂದು ಬಡಿಯಿತು. ಹಟ್ಟಿಗೆ 23 ಮೀಟರ್. ಸ್ಪ್ರಿಂಗು ಅದೇ, ನಳಿಗೆ ಅದೇ.

ಒಳಗೆ ನಡೆದದ್ದೇನು? ಹಾರುವ ಗುಂಡಿನ ನೆತ್ತಿ ಮಾತ್ರ ರಬ್ಬರಿಗೆ ಉಜ್ಜಿತು. ಓಡುವವನ ಮುಂಡಾಸು ಕೊಂಬೆಗೆ ಸಿಕ್ಕರೆ ಕಾಲು ಮುಂದೆ ಹೋಗಿ ತಲೆ ಹಿಂದೆ ಉಳಿಯುತ್ತದಲ್ಲ, ಹಾಗೆ. ನೆತ್ತಿ ಹಿಂದಕ್ಕೆ, ಹೊಟ್ಟೆ ಮುಂದಕ್ಕೆ, ಗುಂಡು ಹಿಮ್ಮೊಗವಾಗಿ ತಿರುಗುತ್ತಾ ಹೊರಬಿತ್ತು. ರಬ್ಬರಿನ ಮೇಲೆ ಒಂದಿಷ್ಟೂ ಜಾರದೆ ಉರುಳಿದ್ದರೆ ಸೆಕೆಂಡಿಗೆ 2200 ಸುತ್ತು. ಜಾರುತ್ತದೆ, ಹಾಗಾಗಿ ಅದಕ್ಕಿಂತ ಕಡಿಮೆ. ಆದರೂ ನಿಮ್ಮ ಮನೆಯ ಮಿಕ್ಸಿ ನಾಚಬೇಕು.

ಈಗ ನೀವೇ ಗುಂಡಿನ ಮೇಲೆ ಕೂತಿದ್ದೀರಿ ಎಂದುಕೊಳ್ಳಿ. ಎದುರಿನಿಂದ ಬಿರುಗಾಳಿ. ಗುಂಡಿನ ಮೇಲ್ಮೈ ನೆತ್ತಿಯ ಕಡೆ ಗಾಳಿ ಹೋಗುವ ದಿಕ್ಕಿಗೇ ಸರಿಯುತ್ತಿದೆ. ಗಾಳಿಗೆ ಅದು ಜೊತೆಗಾರ. ಹೊಟ್ಟೆಯ ಕಡೆ ಗಾಳಿಗೆ ಎದುರಾಗಿ ಸರಿಯುತ್ತಿದೆ. ಅಲ್ಲಿ ಜಗಳ. ಜಗಳವಾದಲ್ಲಿ ಗಾಳಿ ಬೇಗ ಬಿಟ್ಟುಹೋಗುತ್ತದೆ. ಜೊತೆಗಾರನಿದ್ದಲ್ಲಿ ಬೆನ್ನಿನವರೆಗೂ ಅಂಟಿಕೊಂಡು ಬಳಸಿ ಬರುತ್ತದೆ. ಓಡಿ ಬರುವ ಹುಡುಗ ದೇವಸ್ಥಾನದ ಸುತ್ತಿನಲ್ಲಿ ಕಂಬ ಹಿಡಿದುಕೊಂಡು ಗಿರ್ರನೆ ತಿರುಗಿದ ಹಾಗೆ, ಮೇಲಿನ ಗಾಳಿ ಗುಂಡನ್ನು ಬಳಸಿ ಕೆಳಕ್ಕೆ ಬಾಗುತ್ತದೆ. ಗುಂಡು ಗಾಳಿಯನ್ನು ಕೆಳಕ್ಕೆ ಎಸೆಯಿತು, ಗಾಳಿ ಗುಂಡನ್ನು ಮೇಲಕ್ಕೆ ಎತ್ತಿತು. ಜಲ್ಲೆ ಕೆಳಕ್ಕೆ ಒತ್ತಿದರೆ ದೋಣಿಯಲ್ಲಿ ನಿಂತವನಿಗೆ ಮೇಲಕ್ಕೆ ಎತ್ತಿದ ಹಾಗೆ ಆಗುವುದಿಲ್ಲವೇ, ಅದೇ ಲೆಕ್ಕ. ನಂಬಿಕೆ ಬರದಿದ್ದರೆ ನಲ್ಲಿ ಬಿಟ್ಟು, ಸಣ್ಣಗೆ ಬೀಳುವ ನೀರಿಗೆ ಚಮಚದ ಬೆನ್ನು ತಾಗಿಸಿ. ನೀರು ಚಮಚದ ಬೆನ್ನನ್ನು ಬಳಸಿ ಆಚೆ ಬಾಗುತ್ತದೆ, ಚಮಚ ನೀರಿನ ಕಡೆಗೇ ಎಳೆದುಕೊಳ್ಳುತ್ತದೆ. ತಳ್ಳಿಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಇಲ್ಲ. "ಮೇಲಿನ ಗಾಳಿಗೆ ದಾರಿ ಉದ್ದ, ಕೆಳಗಿನ ಗಾಳಿಯ ಜೊತೆ ಒಟ್ಟಿಗೆ ಮುಟ್ಟಬೇಕು, ಅದಕ್ಕೇ ಬೇಗ ಓಡುತ್ತದೆ" ಎಂಬ ವಿವರಣೆ ಎಲ್ಲಾದರೂ ಓದಿದ್ದರೆ ಮರೆತುಬಿಡಿ. ಗಾಳಿ ಅಂಥ ಯಾವ ಒಪ್ಪಂದವನ್ನೂ ಮಾಡಿಕೊಂಡಿಲ್ಲ.

ನಮ್ಮೂರಿನ ಹೆಸರು ಹೊತ್ತು 619 ಟೆಸ್ಟ್ ವಿಕೆಟ್ ತೆಗೆದ ಅನಿಲ್ ಕುಂಬ್ಳೆಯ ಫ್ಲಿಪ್ಪರ್ ನೆನಪಿದೆಯಾ? ಅದೂ ಹಿಮ್ಮೊಗ ತಿರುಗುವ ಚೆಂಡೇ. ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ತುಸು ಮುಂದೆ ಬಂದು ಬೀಳುತ್ತಿತ್ತು, ಬಿದ್ದ ಮೇಲೆ ಏಳದೆ ಜಾರಿ ಕಾಲಿಗೆ ಬಡಿಯುತ್ತಿತ್ತು. ಟಾಪ್ ಸ್ಪಿನ್ ಇದಕ್ಕೆ ತದ್ವಿರುದ್ಧ, ಗಾಳಿಯಲ್ಲೇ ಮುಳುಗುತ್ತದೆ.

ತಿರುಗುವ ಗುಂಡು ಗಾಳಿಯಲ್ಲಿ ಹೀಗೆ ಬಾಗುವುದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ಬರ್ಲಿನ್ನಿನ ಹೈನ್ರಿಕ್ ಗುಸ್ತಾವ್ ಮ್ಯಾಗ್ನಸ್ 1852ರಲ್ಲಿ ಇದರ ಮೇಲೆ ಪ್ರಯೋಗ ಮಾಡಿದ. ಹೆಸರು ಅವನಿಗೆ ಹೋದದ್ದು ಅನ್ಯಾಯ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಅದಕ್ಕೂ 110 ವರ್ಷ ಮೊದಲು, 1742ರಲ್ಲಿ, ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಫಿರಂಗಿ ವಿದ್ಯೆಯ ಬಗ್ಗೆ ಒಂದು ಪುಸ್ತಕ ಬರೆದ. ನಮ್ಮ ಬೆಂಕಿಪೊಟ್ಟಣದ ತೂಗು ಅವನದೇ ಉಪಾಯ. ಅವನು ದೊಡ್ಡ ಮರದ ತುಂಡು ತೂಗಿಬಿಟ್ಟು ಅದಕ್ಕೆ ಕೋವಿಯ ಗುಂಡು ಹೊಡೆದ. ಗಾಳಿಯ ತಡೆ ಜನ ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಅಳೆದು ತೋರಿಸಿದವನೂ ಅವನೇ. ಗುಂಡು ತಿರುಗುವುದರಿಂದ ಅಡ್ಡ ಹೋಗುತ್ತದೆ ಎಂದಾಗ ಆಯ್ಲರನಂಥ ಗಣಿತದ ದೈತ್ಯನೇ ಒಪ್ಪಲಿಲ್ಲ, ಗುಂಡು ಸರಿಯಾಗಿ ಉರುಟಾಗಿಲ್ಲದ್ದೇ ಕಾರಣ ಎಂದ. ರಾಬಿನ್ಸ್ ಏನು ಮಾಡಿದ ಗೊತ್ತಾ? ಕೋವಿಯ ನಳಿಗೆಯ ತುದಿಯನ್ನು ಎಡಕ್ಕೆ ಬಾಗಿಸಿದ. ದಾರಿಯಲ್ಲಿ ತೆಳು ಕಾಗದದ ಪರದೆಗಳನ್ನು ನಿಲ್ಲಿಸಿ ಹೊಡೆದ. ಗುಂಡು ಎಡಕ್ಕೆ ಹೊರಟಿತು, ಆಮೇಲೆ ಬಲಕ್ಕೆ ತಿರುಗಿತು! ಬಾಗಿದ ನಳಿಗೆಯಲ್ಲಿ ಗುಂಡು ಬಲಗೋಡೆಗೆ ಉಜ್ಜುತ್ತದೆ. ಯಾವ ಕಡೆ ಉಜ್ಜಿತೋ ಆ ಕಡೆಗೆ ಬಾಗಿತು. ನಮ್ಮ ವಾಲ್‌ಟ್ಯೂಬು ಮಾಡುವುದೂ ಇದನ್ನೇ, ಬಲಗೋಡೆಯ ಬದಲು ನೆತ್ತಿಯಲ್ಲಿ.

ಈ ರಾಬಿನ್ಸ್ ಸತ್ತದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ. ಈಸ್ಟ್ ಇಂಡಿಯಾ ಕಂಪನಿ ತನ್ನ ಕೋಟೆಗಳನ್ನು ಭದ್ರ ಮಾಡಲು ಅವನನ್ನು ಕರೆಸಿಕೊಂಡಿತ್ತು. ಬಂದು ಸುಮಾರು ಒಂದು ವರ್ಷವಾಗಿತ್ತಷ್ಟೇ. ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ 1751ರ ಜುಲೈಯಲ್ಲಿ ಜ್ವರ ಬಂದು ಹೋದ. ಬೇಕಲ ಕೋಟೆಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಈ ಕಥೆ ಶುರು ಮಾಡುತ್ತೇನೆ. ಅವರು ಸೆಲ್ಫಿ ತೆಗೆಯಲು ಹೋಗುತ್ತಾರೆ.

ಅಜ್ಜನ ಬಗ್ಗೆ ಒಂದು ಮಾತು ಬಾಕಿ ಇದೆ. "ಗುಂಡು ಸ್ವಲ್ಪ ದೂರ ನೇರ ಹೋಗ್ತದೆ, ಆಮೇಲೆ ದಪ್ಪ ಅಂತ ಬೀಳ್ತದೆ" ಎಂದು ಅವರ ವಾದ. 1537ರಲ್ಲಿ ಇಟಲಿಯ ಗಣಿತಜ್ಞ ತಾರ್ತಾಲಿಯಾ ಕೂಡ ಹೆಚ್ಚುಕಡಿಮೆ ಹೀಗೇ ಬರೆದಿದ್ದ. ಎಸೆದದ್ದು ಪರವಲಯದ ದಾರಿಯಲ್ಲಿ ಬಾಗಿ ಬೀಳುತ್ತದೆ ಎಂದು ಶಾಲೆಯಲ್ಲಿ ಕಲಿತ ನಾವು ನಗುತ್ತೇವೆ. ಆದರೆ ಈ ಪ್ಲಾಸ್ಟಿಕ್ ಗುಂಡು ಮಾತ್ರ ಅಜ್ಜನ ಕಡೆಗೇ ಸಾಕ್ಷಿ ಹೇಳುತ್ತದೆ. ಹಾಪ್-ಅಪ್ ಇರುವಷ್ಟು ಹೊತ್ತು ನೇರ, ಗಾಳಿ ವೇಗವನ್ನು ತಿಂದು ಮುಗಿಸಿದ ಮೇಲೆ ದಪ್ಪನೆ ಕೆಳಕ್ಕೆ. ಇದನ್ನು ಅವರಿಗೆ ಹೇಳಲೇಬೇಕಾಯಿತು. ಆ ಸಂಜೆಯಿಡೀ ಅವರ ಮುಖ ನೋಡಬೇಕಿತ್ತು.

ಅಡಿಕೆಯ ದೂರು ಬಗೆಹರಿಸಲು ಗುರಿಪೆಟ್ಟಿಗೆ ಮಾಡಿದೆವು. ರಟ್ಟಿನ ಪೆಟ್ಟಿಗೆ, ಎದುರಿಗೆ ಹಳೇ ಕಾಗದದಲ್ಲಿ ಬರೆದ ಗುರಿ, ಒಳಗೆ ಸಡಿಲವಾಗಿ ಇಳಿಬಿಟ್ಟ ಹಳೇ ಪಂಚೆ. ಪಂಚೆಯನ್ನು ಬಿಗಿದು ಕಟ್ಟಿದರೆ ಗುಂಡು ಪುಟಿದು ಹೊರಗೆ ಬರುತ್ತದೆ. ಸಡಿಲ ಬಿಟ್ಟರೆ ಬಟ್ಟೆ ಹಿಂದಕ್ಕೆ ಸರಿಯುತ್ತಾ ಗುಂಡನ್ನು ಮೆತ್ತಗೆ ನುಂಗುತ್ತದೆ, ಅದು ತಳದಲ್ಲಿ ಹಾಕಿದ ಹಾಳೆಗೆ ಟಪ್ಪೆಂದು ಬೀಳುತ್ತದೆ. ಕ್ಯಾಚ್ ಹಿಡಿಯುವವನು ಕೈ ಹಿಂದಕ್ಕೆ ತೆಗೆದುಕೊಂಡ ಹಾಗೆ.

ಎಲ್ಲವನ್ನೂ ಮನೆಯಲ್ಲಿ ಮಾಡಬಹುದು, ಕನ್ನಡಕವನ್ನು ಮಾತ್ರ ಮಾಡಬಾರದು. ಯುರೋಪಿನ ಹಿಂದಿನ ಇಎನ್ 166 ಎಂಬ ಮಾನದಂಡದಲ್ಲಿ 0.86 ಗ್ರಾಂ ತೂಕದ ಉಕ್ಕಿನ ಗುಂಡು ಹೊಡೆದು ಪರೀಕ್ಷೆ ಮಾಡುತ್ತಿದ್ದರು. ಅದರ ಅಡ್ಡಳತೆಯೂ ಇದೇ 6 ಮಿಲಿಮೀಟರ್. 'ಎಫ್' ಗುರುತಿದ್ದರೆ ಸೆಕೆಂಡಿಗೆ 45 ಮೀಟರ್ ವೇಗಕ್ಕೆ ತಾಳಿಕೊಂಡಿದೆ ಎಂದರ್ಥ, 'ಬಿ' ಇದ್ದರೆ 120 ಮೀಟರಿಗೆ. ಅಳಿಯನದು 'ಬಿ'. ತಂಪು ಕನ್ನಡಕ ಯಾವ ಲೆಕ್ಕಕ್ಕೂ ಇಲ್ಲ. ಪಿಸ್ತೂಲು 0.1 ಜೌಲಿನದಾದರೂ ಕಣ್ಣಿಗೆ ಅದು ಸಣ್ಣದಲ್ಲ. ಮಕ್ಕಳು ಕನ್ನಡಕ ಹಾಕದೆ ಜಗಲಿ ಇಳಿಯಬಾರದು ಎಂದು ಕಟ್ಟುನಿಟ್ಟು ಮಾಡಿದೆ.

ಅಳಿಯ ಹೊರಡುವ ಹಿಂದಿನ ಸಂಜೆ ರಾಬಿನ್ಸನ ಪ್ರಯೋಗವನ್ನೂ ಮಾಡಿಬಿಡೋಣ ಎಂದೆ. ನಳಿಗೆ ಬಾಗಿಸಬೇಕಿಲ್ಲ, ಪಿಸ್ತೂಲನ್ನೇ ಎಡಕ್ಕೆ ಅಡ್ಡ ಮಲಗಿಸಿದರೆ ಸಾಕು. ರಬ್ಬರು ಎಡಕ್ಕೆ ಬರುತ್ತದೆ, ಗುಂಡು ಎಡಕ್ಕೆ ಬಾಗಬೇಕು. ಬಾವಿಕಟ್ಟೆಯ ಕಂಬದ ಬಲಬದಿಗೆ ಗುರಿ ಇಟ್ಟು ಅವನು ಕುದುರೆ ಒತ್ತಿದ. ಹಳದಿ ಗುಂಡು ಕಂಬದ ಬಲಕ್ಕೆ ಹೊರಟಿತು, ಕಂಬ ದಾಟುತ್ತಲೇ ಎಡಕ್ಕೆ ತಿರುಗಿ ಅದರ ಮರೆಗೆ ಹೋಯಿತು. ಹಿಂದೆಯೇ ಠಣ್ ಎಂಬ ಸದ್ದು.

ಕಂಬದ ಮರೆಯಲ್ಲಿ ಸ್ಟೀಲಿನ ಕೊಡ ಇತ್ತು.

"ಅಲ್ಲಿ ಬಡಿಯಲಿಕ್ಕೆ ಸಾಧ್ಯವೇ ಇಲ್ಲ ಅತ್ತೆ, ಕಂಬ ಅಡ್ಡ ಉಂಟಲ್ಲ" ಎಂದು ಅಳಿಯ ಒಳಗೆ ಕೂಗಿ ಹೇಳಿದ.