ಸಾರ್, ಅದು ಸಿಡಿದಿದ್ದು ಯಾವ ಕಡೆ?

ಬ್ರಹ್ಮಾಂಡದ ಹುಟ್ಟಿನ ಬಗ್ಗೆ ಎಲ್ಲಿ ಮಾತಾಡಲು ಹೋದರೂ ಕೊನೆಗೆ ಒಬ್ಬರಾದರೂ ಕೈ ಎತ್ತುತ್ತಾರೆ. "ಸಾರ್, ಅದು ಸಿಡಿದಿದ್ದು ಯಾವ ಕಡೆ?" ಆಕಾಶದಲ್ಲಿ ಇಂಥ ಕಡೆ ಅಂತ ನಾನು ಬೆರಳು ತೋರಿಸಬೇಕು. ತಪ್ಪು ಅವರದ್ದಲ್ಲ. ಮಹಾಸ್ಫೋಟ ಅಂತ ಹೆಸರು ಹೇಳಿ ಪಟಾಕಿಯ ಚಿತ್ರ ತಲೆಗೆ ತುಂಬಿದವರು ನಾವೇ.

ನನ್ನ ಜೇಬಿನಲ್ಲಿ ಪೈಜಾಮದ ಎಲಾಸ್ಟಿಕ್ ಇರುತ್ತದೆ. ತುದಿಗಳನ್ನು ಸೇರಿಸಿ ಬಳೆಯಂತೆ ಹೊಲಿದು, ಸುತ್ತಲೂ ಪೆನ್ನಿನಿಂದ ಚುಕ್ಕಿ ಇಟ್ಟಿದ್ದೇನೆ. ಹಿಗ್ಗಿಸಿದರೆ ಪ್ರತಿ ಚುಕ್ಕಿಗೂ ಉಳಿದವು ದೂರ ಹೋದಂತೆ ಕಾಣುತ್ತದೆ. ಪಟ್ಟಿಯ ಮೇಲೆ ನಡುಮಧ್ಯ ಅಂತ ಯಾವ ಜಾಗವೂ ಇಲ್ಲ. ಒಮ್ಮೆ ಒಬ್ಬ ಹುಡುಗಿ ಬಳೆಯ ತೂತು ತೋರಿಸಿ "ಇದೇ ಮಧ್ಯ ಅಲ್ವಾ?" ಅಂದಳು. ಜಾಣೆ! ಆದರೆ ಈ ಆಟದಲ್ಲಿ ಪಟ್ಟಿಯೇ ಇಡೀ ಲೋಕ. ತೂತು ಲೆಕ್ಕಕ್ಕಿಲ್ಲ.

ಸುಮಾರು 1380 ಕೋಟಿ ವರ್ಷಗಳ ಹಿಂದೆ ಎಲ್ಲವೂ ಒತ್ತೊತ್ತಾಗಿ, ವಿಪರೀತ ಬಿಸಿಯಾಗಿತ್ತು. ಆಮೇಲೆ ಜಾಗವೇ ಹಿಗ್ಗಿತು. ನೀವು ಕೂತಿರುವ ಜಾಗವೂ ಅದರಲ್ಲೇ ಇತ್ತು.

ಸಾಕ್ಷಿ? 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳ ಆಂಟೆನಾದಲ್ಲಿ ಒಂದು ಗೊರಗೊರ ಸದ್ದು ಸೇರಿಕೊಂಡಿತ್ತು. ಎತ್ತ ತಿರುಗಿಸಿದರೂ ಅಷ್ಟೇ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ಬಳಿದು ತೆಗೆದರು. ಸದ್ದು ಹೋಗಲಿಲ್ಲ. ಅದು ಬ್ರಹ್ಮಾಂಡಕ್ಕೆ 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕು. ಆಗ ಸುಮಾರು 3000 ಡಿಗ್ರಿ ಬಿಸಿ. ಜಾಗದ ಜೊತೆ ಹಿಗ್ಗಿ ಹಿಗ್ಗಿ ಈಗ ಆಂಟೆನಾಗೆ ಸಿಗುವ ರೇಡಿಯೊ ಅಲೆಯಾಗಿ, ಮೈನಸ್ 270ಕ್ಕೆ ತಣ್ಣಗಾಗಿದೆ. ಹಳೆ ಟೀವಿಯಲ್ಲಿ ಚಾನೆಲ್ ಸಿಗದಾಗ ಕುಣಿಯುತ್ತಿದ್ದ ಚುಕ್ಕಿಗಳಲ್ಲೂ ಇದರ ಪಾಲು ಚೂರು ಇತ್ತು. ಈ ಪತ್ತೆಗೆ 1978ರಲ್ಲಿ ನೊಬೆಲ್ ಬಂತು.

ಮಹಾಸ್ಫೋಟ ಎಲ್ಲ ಕಡೆಯೂ ಆಗಿದ್ದರಿಂದ ಎಲ್ಲಿ ಕೂತು ಬೇಕಾದರೂ ಕೇಳಬಹುದು. ಕೆರೆಯಲ್ಲೂ! ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಸಿಗ್ನಲ್ ಹುಡುಕಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ 'ಸರಸ್' ಆಂಟೆನಾವನ್ನು ತೆಪ್ಪದ ಮೇಲೆ ತೇಲಿಬಿಟ್ಟರು. ಮೊದಲು ದಂಡಿಗಾನಹಳ್ಳಿ ಕೆರೆ, ಆಮೇಲೆ ಶರಾವತಿ ಹಿನ್ನೀರು. ನೆಲದಲ್ಲಿ ಮಣ್ಣು, ಕಲ್ಲು, ತೇವ ಒಂದೊಂದು ಕಡೆ ಒಂದೊಂದು ಥರ ಇದ್ದು ಅಳತೆ ಕೆಡುತ್ತದೆ. ನೀರು ಹಾಗಲ್ಲ, ಎಲ್ಲ ಕಡೆ ಒಂದೇ ಸಮ. ಅಂಥ ಸಿಗ್ನಲ್ ಸಿಕ್ಕಿತು ಅಂತ 2018ರಲ್ಲಿ ಅಮೆರಿಕದ ತಂಡವೊಂದು ಹೇಳಿತ್ತು. 2022ರಲ್ಲಿ ನಮ್ಮ ತೆಪ್ಪದವರು ಲೆಕ್ಕ ಹಾಕಿ, ನಮಗೆ ಅದು ಕಾಣಿಸಲಿಲ್ಲ ಅಂದರು.